ಆರದ ಪರದೆ

ಎಂಬತ್ತೇಳು. ಮತ್ತೊಮ್ಮೆ ನೋಡಿದ. ಎಂಬತ್ತೇಳೇ.

ಸತ್ತವನಿಗೆ ಎಂಬತ್ತೇಳು ಮೆಸೇಜು ಬಂದಿದ್ದವು. ಶವಪೆಟ್ಟಿಗೆಯ ಅಂಚಿನಲ್ಲಿ, ಬಿಳಿ ಸೇವಂತಿಗೆಗಳ ನಡುವೆ, ಜೋಡಿಸಿಟ್ಟ ಕೈಗಳ ಪಕ್ಕಕ್ಕೆ ಮೊಬೈಲು ಮುಖ ಮೇಲೆ ಮಾಡಿ ಮಲಗಿತ್ತು. ಕಪ್ಪು ಪರದೆಯ ಮೇಲೆ ಮಸುಕು ಬಿಳಿಯಲ್ಲಿ ಗಂಟೆ: ಒಂಬತ್ತು ಹನ್ನೆರಡು. ಕೆಳಗೊಂದು ಲಕೋಟೆಯ ಗುರುತು, ಅದರ ಮಗ್ಗುಲಿಗೆ ಸಂಖ್ಯೆ. ಯಾರು ಕಳಿಸಿದರು, ಏನು ಬರೆದರು ಎಂದು ಆ ಪರದೆ ಹೇಳುವುದಿಲ್ಲ. ಹೇಳಬಾರದೆಂದು ತೀರ್ಮಾನಿಸಿದ ಸಭೆಯಲ್ಲಿ ದೊರಿವಾಲ್ ಕೂಡ ಇದ್ದ. ಬಿಸ್ಕತ್ತು ಚೆನ್ನಾಗಿತ್ತು ಎಂಬುದಷ್ಟೇ ಆ ಸಭೆಯ ಬಗ್ಗೆ ಅವನಿಗೆ ನೆನಪಿರುವುದು.

ಅವನ ಜೇಬಿನಲ್ಲಿದ್ದದ್ದೂ ಅದೇ ಮಾಡೆಲ್ಲು. ಕಂಪನಿಯೇ ಕೊಟ್ಟದ್ದು. ಮುಚ್ಚಿದರೂ ಆರದ ಪರದೆ. ಅದರಲ್ಲಿ ಗಂಟೆ ಮಾತ್ರ ಇತ್ತು.

ಮೂವತ್ತೊಂಬತ್ತು ವರ್ಷದ ದೊರಿವಾಲ್ ಮನೌಸ್ ನಗರದ ಕೈಗಾರಿಕಾ ವಲಯದಲ್ಲಿ, ಮೊಬೈಲು ಮಾಡುವ ಕಾರ್ಖಾನೆಯೊಂದರಲ್ಲಿ, ಬಳಕೆದಾರರ ಅಧ್ಯಯನ ಎಂಬ ವಿಭಾಗದಲ್ಲಿದ್ದ. ಓದಿದ್ದು ಸಮಾಜಶಾಸ್ತ್ರ. ನದಿದಂಡೆಯ ಊರುಗಳಲ್ಲಿ ನೆರೆಹೊರೆಯವರು ಒಬ್ಬರಿಗೊಬ್ಬರು ಹೇಗೆ ಆಗುತ್ತಾರೆ ಎಂಬುದರ ಮೇಲೆ ಇನ್ನೂರು ಪುಟದ ಪ್ರಬಂಧ ಬರೆದಿದ್ದ. ಈಗ ವಾಸಿಸುವ ಕಟ್ಟಡದಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಮೂರಕ್ಕೆ ಸಭೆ. ಬರುವ ವರ್ಷದ ಅಗ್ಗದ ಮಾಡೆಲ್ಲಿಗೂ ಈ ಆರದ ಪರದೆ ಕೊಡಬೇಕೋ ಬೇಡವೋ. ಬೇಡ ಎಂದು ದೊರಿವಾಲ್ ನಾಲ್ಕು ಪುಟ ಬರೆದಿದ್ದ. ಬ್ಯಾಟರಿ ಬೇಗ ಮುಗಿಯುತ್ತದೆ, ಗಮನ ಚದುರುತ್ತದೆ, ಗಾಜಿನ ಮೇಲೆ ಅಂಕಿಯ ಕಲೆ ಉಳಿಯುತ್ತದೆ. ಎಲ್ಲ ನಿಜ. ನಾಲ್ಕನೆಯ ಪುಟದ ಲೆಕ್ಕವನ್ನೆಲ್ಲ ಕೊಟ್ಟವನು ಪರೀಕ್ಷಾ ಕೋಣೆಯ ನಸರೆನು. ಅವನು ನಿನ್ನೆ ಭಾನುವಾರ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತ ಮಧ್ಯಂತರದಲ್ಲಿ ತೀರಿಕೊಂಡಿದ್ದ. ಅವನ ತಂಡ ಎರಡು ಗೋಲು ಹಿಂದಿತ್ತು. ಉಳಿದು ನೋಡುವಂಥದ್ದೇನೂ ಇರಲಿಲ್ಲ ಎಂದು ಬಾಗಿಲ ಬಳಿ ಯಾರೋ ಹೇಳಿ, ತಾವೇ ನಕ್ಕು, ಕೆಮ್ಮಿದ್ದರು.

ನಾಲ್ಕು ಪುಟದಲ್ಲಿ ಇಲ್ಲದ ಕಾರಣ ಇನ್ನೊಂದಿತ್ತು. ಪರದೆ ಕಪ್ಪಾಗಿದ್ದ ಕಾಲದಲ್ಲಿ, ತೆಗೆದು ನೋಡುವ ತನಕ, ಯಾರಾದರೂ ಕರೆದಿರಬಹುದು ಎಂಬ ಅನುಮಾನ ಉಳಿಯುತ್ತಿತ್ತು. ಈಗ ಉಳಿಯುವುದಿಲ್ಲ. ಯಾರೂ ಕರೆದಿಲ್ಲ ಎನ್ನುವುದು ಮೇಜಿನ ಮೇಲೆ, ತಟ್ಟೆಯ ಪಕ್ಕ, ದಿನವಿಡೀ ಬೆಳಗುತ್ತಿರುತ್ತದೆ. ಇದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ.

"ಡಾಕ್ಟ್ರೇ."

ನಸರೆನುವಿನ ಹೆಂಡತಿ. ಓದಿದವನೆಂದು ತಿಳಿದರೆ ಸಾಕು, ಆ ಊರು ಡಾಕ್ಟ್ರೇ ಎನ್ನುತ್ತದೆ. ಒಮ್ಮೆ ಬಸ್ಸಿನಲ್ಲಿ ಯಾರೋ ಅವನಿಗೆ ಮೊಣಕಾಲು ತೋರಿಸಿದ್ದರು.

"ದೋನಾ..." ಎಂದ. ಮರ್ಯಾದೆಯ ಆ ಮಾತಿನ ಮುಂದೆ ಸೇರಿಸಲು ಹೆಸರು ಗೊತ್ತಿರಲಿಲ್ಲ.

"ಮರಿನಾಲ್ವಾ. ನೀವು ಫೋನ್ ಕಂಪನಿಯವರಲ್ವಾ? ಇದನ್ನ ಸ್ವಲ್ಪ ತೆಗೆದುಕೊಡಿ. ಏನೋ ಬರ್ತಾ ಇದೆ, ಓದೋಕಾಗ್ತಿಲ್ಲ."

"ಲಾಕಿನ ನಂಬರ್ ಗೊತ್ತಿಲ್ಲದೆ ಆಗಲ್ಲ ದೋನಾ."

"ನೀವೇ ಮಾಡಿದ್ದಲ್ವಾ?"

"ಮಾಡಿದ್ದು ನಾವೇ. ತೆಗೆಯೋದು ನಮ್ಮ ಕೈಲೂ ಆಗಲ್ಲ."

"ಹಂಗಾದ್ರೆ ಮಾಡಿ ಏನು ಬಂತು."

ಅವನು ಸೇವಂತಿಗೆಗಳನ್ನು ನೋಡಿದ.

"ನನ್ನ ಮಗಳಿಗೆ ಗೊತ್ತು" ಎಂದಳು ಮರಿನಾಲ್ವಾ. "ಅವಳೇ ಹಾಕಿಕೊಟ್ಟಿದ್ದು. ಮೇಲ್ನದಿಯಲ್ಲಿ ನರ್ಸು. ಹಡಗು ಹತ್ತಿದಾಳೆ, ನದಿ ಮೇಲೆ ಸಿಗ್ನಲ್ ಸಿಗಲ್ಲ, ಗುರುವಾರ ಬರ್ತಾಳೆ. ಅಲ್ಲೀತನಕ ಇವರನ್ನ ಇಟ್ಕೊಳ್ಳೋಕಾಗುತ್ತಾ, ಈ ಸೆಕೆಯಲ್ಲಿ?" ಪೆಟ್ಟಿಗೆಯ ಕಡೆ ಗಲ್ಲ ತೋರಿಸಿದಳು. "ಇದಾದ್ರೂ ಆರದಂಗೆ ನೋಡ್ಕೊಳ್ಳಿ. ಬ್ಯಾಟರಿ ಹತ್ತೊಂಬತ್ತು ಪರ್ಸೆಂಟ್ ಅಂತ ತೋರಿಸ್ತಾ ಇದೆ."

ಹೀಗೆ ದೊರಿವಾಲನಿಗೆ ಆ ಹಾಲಿನಲ್ಲಿ ಒಂದು ಕೆಲಸ ಸಿಕ್ಕಿತು. ಕಾಫಿ ಫ್ಲಾಸ್ಕಿನ ಮೇಜಿನ ಹಿಂದೆ ಪ್ಲಗ್ ಇತ್ತು. ಯಾರದ್ದೋ ಚಾರ್ಜರು, ಯಾರದ್ದೋ ಉದ್ದನೆಯ ವೈರು. ವೈರು ತಪಿಯೋಕಾ ರೊಟ್ಟಿಯ ತಟ್ಟೆಗಳ ಕೆಳಗಿನಿಂದ ಹಾದು, ಹೂವಿನ ಚಕ್ರಗಳನ್ನು ಸುತ್ತಿ, ಪೆಟ್ಟಿಗೆಯನ್ನೇರಿ ಸತ್ತವನ ಮೊಣಕೈ ಬಳಿ ಮುಗಿಯಿತು. ಯಾರೂ ಎಡವದಂತೆ ಕಾಯಲು ಅವನು ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತ. ದೂರದಿಂದ ನೋಡಿದರೆ ನಸರೆನುವಿಗೇ ಕರೆಂಟು ಕೊಟ್ಟು ಕೂತಂತಿತ್ತು.

ನಸರೆನುವಿನ ಅಕ್ಕ ಜುರೇಮಾಗೆ ಇದು ಸರಿಬರಲಿಲ್ಲ.

"ಸತ್ತೋನಿಗೆ ಗಂಟೆ ಯಾಕೆ ಬೇಕು? ಆರಿಸಿ ಅತ್ಲಾಗೆ."

"ಇರ್ಲಿ ಬಿಡು ಅಕ್ಕಾ" ಎಂದ ನಸರೆನುವಿನ ಭಾವಮೈದುನ ವಲ್ಮೀರ್. ಅವನು ಟ್ಯಾಕ್ಸಿ ಓಡಿಸುವವನು. "ಮೇಲೆ ಲೈನು ಉದ್ದ ಇರುತ್ತೆ. ಎಷ್ಟು ಹೊತ್ತಾಯ್ತು ಅಂತ ನೋಡ್ಕೊಳ್ಳೋಕೆ ಬೇಡ್ವಾ? ನಾನೂ ಇಂಥದ್ದೇ ಇಟ್ಕೊಂಡಿದೀನಿ. ಗಾಡಿ ಓಡಿಸ್ತಾ ಮುಟ್ಟೋ ಹಂಗೇ ಇಲ್ಲ, ಕಣ್ಣು ಹಾಯಿಸಿದ್ರೆ ಸಾಕು."

"ಅದಕ್ಕೇ ಹೋದ ತಿಂಗಳು ಮೀನಿನ ಗಾಡಿಗೆ ಗುದ್ದಿದ್ದು."

"ಅದು ಮೀನಿನವನ ತಪ್ಪು."

"ಇವಳು ಹೆಂಗೆ ನೋಡ್ತಾ ಕೂತಿದಾಳೆ ನೋಡು. ಮುಖ ನೋಡ್ತಿಲ್ಲ, ಅದನ್ನ ನೋಡ್ತಿದಾಳೆ."

ಮರಿನಾಲ್ವಾ ತಲೆ ಎತ್ತಲಿಲ್ಲ. "ಇಪ್ಪತ್ತಾರು ವರ್ಷ ಇವರು ನನ್ನ ಎದುರಿಗೆ ಕೂತು ಅದನ್ನೇ ನೋಡಿದ್ರು. ಈಗ ನನ್ನ ಸರದಿ ಅತ್ತಿಗೆ."

ಲೆಕ್ಕ ತಪ್ಪು ಎಂದುಕೊಂಡ ದೊರಿವಾಲ್. ಇಪ್ಪತ್ತಾರು ವರ್ಷದ ಹಿಂದೆ ಇಂಥ ಮೊಬೈಲುಗಳಿರಲಿಲ್ಲ. ಹಾಗೆ ತೋರಿದ್ದಕ್ಕೆ ನಾಚಿದ.

ನಸರೆನುವಿನ ಮುಖ ಅವನು ನೆನಪಿಸಿಕೊಳ್ಳಲು ಯತ್ನಿಸಿದ, ಎದುರಿಗೇ ಇದ್ದರೂ. ಏಳು ವರ್ಷ ಒಂದೇ ಮೇಜಿನಲ್ಲಿ ಊಟ. ನಸರೆನು ಮೊದಲು ಅನ್ನ ತಿನ್ನುತ್ತಿದ್ದ, ಆಮೇಲೆ ಬೀನ್ಸು, ಕೊನೆಗೆ ಮಾಂಸ. ಎರಡನ್ನು ಒಟ್ಟಿಗೆ ತಿಂದದ್ದಿಲ್ಲ. ಇದಿಷ್ಟೇ ನೆನಪಿಗೆ ಬಂದದ್ದು. ಅವನಿಗೆ ಮಗಳಿದ್ದಳು ಎಂದು ಐದು ನಿಮಿಷದ ಹಿಂದೆ ತಿಳಿಯಿತು.

ತಾನೂ ಒಂದು ಸಂತಾಪ ಕಳಿಸಬೇಕು. ಯಾರಿಗೆ? ಅವನ ಬಳಿ ಇದ್ದದ್ದು ನಸರೆನುವಿನ ನಂಬರು ಮಾತ್ರ. ಎಂಬತ್ತೇಳು ಮಂದಿ ಕಳಿಸಿದ್ದೂ ಅದಕ್ಕೇ. ಮೊಬೈಲನ್ನು ತೊಡೆಯ ಮೇಲೆ ಮರೆಯಾಗಿ ಹಿಡಿದು ಬರೆದ: "ಶಾಂತಿ ಸಿಗಲಿ."

ಪೆಟ್ಟಿಗೆಯ ಮರ ಗುರ್ ಎಂದಿತು. ನಾಲ್ಕೈದು ತಲೆ ತಿರುಗಿದವು. ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಪರದೆಯ ಮೇಲೆ ಎಂಬತ್ತೆಂಟು.

ದೊರಿವಾಲ್ ಆ ಅಂಕಿಯನ್ನು ಎರಡು ಸಲ ಓದಿಕೊಂಡ. ಇಷ್ಟು ವರ್ಷದಲ್ಲಿ ಅವನು ಮಾಡಿದ್ದರ ಫಲ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬಿದ್ದದ್ದಿಲ್ಲ. ಅವನು ಬರೆದ ವರದಿಗಳು ಯಾವ ಕಪಾಟಿಗೆ ಹೋಗುತ್ತಿದ್ದವೋ. ಎರಡು ವರ್ಷದ ಹಿಂದೆ ಬಿಟ್ಟುಹೋದ ಹೆಂಡತಿಗೆ ಬರೆದ ಪತ್ರಕ್ಕೆ ಹೆಬ್ಬೆರಳಿನ ಚಿತ್ರವೊಂದು ಉತ್ತರವಾಗಿ ಬಂದಿತ್ತು. ಇಲ್ಲಿ, ಕಳಿಸಿದ, ಎಂಬತ್ತೆಂಟಾಯಿತು.

ಇನ್ನೊಂದು ಬರೆದ: "ಇವತ್ತು ಮೂರು ಗಂಟೆಗೆ ಸಭೆ ಇದೆ." ಎಂಬತ್ತೊಂಬತ್ತು.

"ನಿನ್ನ ಲೆಕ್ಕ ನನ್ನ ಬ್ಯಾಗಿನಲ್ಲಿದೆ." ತೊಂಬತ್ತು.

ನಿಲ್ಲಿಸಬೇಕು ಎಂದುಕೊಂಡು ಮೊಬೈಲು ಜೇಬಿಗಿಟ್ಟ. ಕಾಫಿ ಕುಡಿದ. ಪಾದ್ರಿ ಬಂದು ನೀರು ಚಿಮುಕಿಸಿದರು; ಒಂದೆರಡು ಹನಿ ಪರದೆಯ ಮೇಲೂ ಬಿದ್ದವು. ಪಾದ್ರಿಗಳು ಸಂಖ್ಯೆ ನೋಡಿ ಒಂದು ಕ್ಷಣ ಪ್ರಾರ್ಥನೆ ಮರೆತರು. ದೊರಿವಾಲ್ ಮತ್ತೆ ಜೇಬಿಗೆ ಕೈ ಹಾಕಿದ.

"ನಿನ್ನ ಹೆಂಡತಿಯ ಹೆಸರು ಇವತ್ತು ಗೊತ್ತಾಯಿತು." "ನನ್ನ ಹೆಂಡತಿ ಬಿಟ್ಟುಹೋದದ್ದು ನಿನಗೆ ಹೇಳಲಿಲ್ಲ. ಡಬ್ಬಿಯಲ್ಲಿ ಊಟ ಬರುವುದು ನಿಂತಾಗ ನೀನೂ ಕೇಳಲಿಲ್ಲ." "ಕೇಳಬಹುದಿತ್ತು." "ನಾನೂ ಕೇಳಬಹುದಿತ್ತು." "ಇದ್ದೀಯಾ?"

ಕೊನೆಯದ್ದನ್ನು ಕಳಿಸಿದ ಮೇಲೆ ಅವನಿಗೆ ನಗು ಬಂತು. ಕರವಸ್ತ್ರದಿಂದ ಮುಖ ಮುಚ್ಚಿದ. ಎದುರು ಸಾಲಿನವರು ಅಳುತ್ತಿದ್ದಾನೆಂದು ತಿಳಿದು ಒಂದು ಲೋಟ ನೀರು ಕೊಟ್ಟರು.

ಹನ್ನೊಂದೂವರೆಗೆ ಸಂಖ್ಯೆ ನೂರ ಒಂಬತ್ತು. ಆಮೇಲೆ ಏರಿದ ಇಪ್ಪತ್ತೆರಡೂ ಅವನವೇ. ಬೇರೆಯವರ ದುಃಖ ಒಂಬತ್ತು ಗಂಟೆಗೇ ಮುಗಿದಿತ್ತು.

"ಯಾರೋ ಬಿಡ್ತಾನೇ ಇಲ್ಲ" ಎಂದಳು ಮರಿನಾಲ್ವಾ.

ಮೆತ್ತಗೆ ಹೇಳಿದ್ದಳು. ಆದರೂ ಜುರೇಮಾ ತಿರುಗಿದಳು. "ಜಾಹೀರಾತು ಇರ್ಬೇಕು."

"ಜಾಹೀರಾತು ಹಿಂಗೆ ಬರಲ್ಲ. ನಾನು ನೋಡ್ತಾ ಇದೀನಿ. ಎರಡು ನಿಮಿಷಕ್ಕೊಂದು, ಆಮೇಲೆ ಹತ್ತು ನಿಮಿಷ ಇಲ್ಲ, ಆಮೇಲೆ ಒಟ್ಟಿಗೆ ನಾಲ್ಕು. ತಡ್ಕೊಳ್ಳೋಕೆ ನೋಡುತ್ತೆ, ಆಗಲ್ಲ. ಹೆಂಗಸು."

"ಸುಮ್ನಿರು. ಪಾದ್ರಿಗಳಿದಾರೆ."

"ಒಬ್ಬಳೇ. ನೂರು ಜನ ಅಲ್ಲ, ಒಬ್ಬಳು."

ಈಗ ಹೇಳಬೇಕು. ನಾನು ಎಂದರೆ ಸಾಕು, ಎರಡಕ್ಷರ. ಆದರೆ ಆಮೇಲೆ ಏಕೆ ಎಂದು ಕೇಳುತ್ತಾರೆ. ಏಕೆ ಎಂಬುದಕ್ಕೆ ಅವನ ಬಳಿ ಇದ್ದ ಉತ್ತರ ಇಷ್ಟೇ: ಸಂಖ್ಯೆ ಏರುತ್ತಿತ್ತು.

"ದೋನಾ ಮರಿನಾಲ್ವಾ, ಅದು..."

"ಏನು ಡಾಕ್ಟ್ರೇ?"

"ನೆಟ್‌ವರ್ಕಿನದು ಇರಬಹುದು. ಒಂದೊಂದ್ಸಲ ಒಂದೇ ಮೆಸೇಜು ಮತ್ತೆ ಮತ್ತೆ ಬಂದುಬಿಡುತ್ತೆ."

ಆಕೆ ಅವನನ್ನು ಬಹಳ ಹೊತ್ತು ನೋಡಿದಳು. ಬೆಳಗಿನಿಂದ ಮೊದಲ ಬಾರಿಗೆ ಪರದೆ ಬಿಟ್ಟು ಮನುಷ್ಯನ ಮುಖ ನೋಡಿದ್ದು.

"ನೀವು ಒಳ್ಳೆಯವರು" ಎಂದಳು. "ಸ್ನೇಹಿತನ ಮಾನ ಕಾಯ್ತಾ ಇದೀರಿ. ಕಾಯಿರಿ. ನಾನೇನೂ ಕೇಳಲ್ಲ."

ಹನ್ನೆರಡಕ್ಕೆ ಮಣ್ಣು. ಕೆಂಪು ನೆಲದಿಂದ ಏಳುತ್ತಿದ್ದ ಬಿಸಿಗೆ ಎಲ್ಲರ ಬೂಟುಗಳೂ ಮೆತ್ತಗಾದಂತಿದ್ದವು. ಪೆಟ್ಟಿಗೆ ಮುಚ್ಚುವ ಮೊದಲು ಮರಿನಾಲ್ವಾ ಮೊಬೈಲು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಪೆಟ್ಟಿಗೆ ಇಳಿಯಿತು. ಎಲ್ಲರೂ ಒಂದೊಂದು ಹೂ ಎಸೆದರು. ಆಕೆ ತನ್ನ ಕೈಯ ಹೂವನ್ನು ಜುರೇಮಾಗೆ ಕೊಟ್ಟಳು.

"ನೀನೇ ಹಾಕು."

"ಹೆಂಡತಿ ಹಾಕಬೇಕು."

"ಯಾವ ಹೆಂಡತಿ ಅಂತ ಗುರುವಾರ ಗೊತ್ತಾಗುತ್ತೆ."

ಜುರೇಮಾ ಹೂ ಎಸೆದಳು. ಅದು ಗುರಿ ತಪ್ಪಿ ಹಗ್ಗ ಹಿಡಿದವನ ಬೂಟಿನ ಮೇಲೆ ಬಿತ್ತು. ಅವನು ಕಾಲಿನಿಂದಲೇ ಗುಂಡಿಗೆ ತಳ್ಳಿದ. ದೊರಿವಾಲ್ ಮರಿನಾಲ್ವಾಳ ಮುಖ ನೋಡಿದ. ಬೆಳಿಗ್ಗೆ ಅಲ್ಲಿದ್ದ ಅಳು ಈಗ ಇರಲಿಲ್ಲ. ಅದನ್ನು ಅವನು ತೆಗೆದುಬಿಟ್ಟಿದ್ದ, ಇಪ್ಪತ್ತೆರಡು ಸಲದಲ್ಲಿ. ಗೇಟಿನ ಬಳಿ ಹೇಳೋಣ ಎಂದುಕೊಂಡ. ಗೇಟಿನ ಬಳಿ ವಲ್ಮೀರನ ಟ್ಯಾಕ್ಸಿ ಆಕೆಯನ್ನು ಕೂರಿಸಿಕೊಂಡು ಹೊರಟೇಹೋಯಿತು.

ಬಸ್ಸಿನಲ್ಲಿ ಅವನು ಗಟ್ಟಿ ಮನಸ್ಸು ಮಾಡಿದ. ಆಕೆಗೆ ಹೇಳಲಾಗದಿದ್ದರೂ ಸಭೆಯಲ್ಲಿ ಹೇಳುತ್ತೇನೆ. ಈ ಪರದೆ ಬೇಡ. ಬ್ಯಾಟರಿ ಹಾಳಾಗಲಿ, ಮನುಷ್ಯರು ಅದರ ಮುಂದೆ ಏನಾಗುತ್ತಾರೆ ಎಂದು ಹೇಳುತ್ತೇನೆ.

ಸಭೆಯ ಮೇಜಿನ ಮೇಲೆ ಕುಪುವಾಸು ಹಣ್ಣಿನ ಕೇಕು ಇತ್ತು. ವಿಭಾಗದ ಮುಖ್ಯಸ್ಥೆ ಯೊಲಾಂದಾ ಚಾಕು ಹಿಡಿದು ನಿಂತಿದ್ದಳು.

"ಬಾ ದೊರಿವಾಲ್. ಹೆಂಗಾಯ್ತು?"

"ಆಯ್ತು."

"ಪಾಪ. ಒಳ್ಳೆಯವನು. ಅನ್ನ ಮೊದಲು ತಿಂತಿದ್ದ, ಅಲ್ವಾ?"

ಅವಳಿಗೂ ಅಷ್ಟೇ ನೆನಪಿತ್ತು.

"ಕೂತ್ಕೋ. ಬೆಳಿಗ್ಗೆ ಹೆಡ್ ಆಫೀಸಿನಿಂದ ಮೇಲ್ ಬಂತು. ಎಲ್ಲ ಮಾಡೆಲ್ಲಿಗೂ ಕೊಡ್ತಾರಂತೆ. ಮುಗೀತು."

"ಹಾಗಾದ್ರೆ ಈ ಸಭೆ?"

"ಕೋಣೆ ಬುಕ್ ಆಗಿತ್ತು. ಕೇಕೂ ಬಂದುಬಿಟ್ಟಿತ್ತು." ಅವನ ಮುಂದೆ ಒಂದು ತುಂಡು ಇಟ್ಟಳು. "ನಿನ್ನ ನಾಲ್ಕು ಪುಟ ಚೆನ್ನಾಗಿದೆ. 'ಬೇಡ' ಇರೋ ಕಡೆ 'ಬೇಕು' ಹಾಕು. ವಾದ ಹಂಗೇ ಇರಲಿ."

"ವಾದ ಹಾಗೇ ಇರೋಕೆ ಆಗಲ್ಲ."

"ಆಗುತ್ತೆ. ನೋಡಿದೀನಿ."

ಅವನು ಎದ್ದು ನಿಂತ. ಸಭೆಯಲ್ಲಿ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಎಲ್ಲರೂ ಅವನು ಶೌಚಕ್ಕೆ ಹೊರಟ ಎಂದುಕೊಂಡು ಕಾಲು ಸರಿಸಿದರು. ಅವನು ಹೇಳಿದ. ಶವದ ಪಕ್ಕ ಮೊಬೈಲು ಇತ್ತು ಎಂದ. ಹೆಂಡತಿ ಗಂಡನ ಮುಖ ಬಿಟ್ಟು ಅದನ್ನೇ ನೋಡುತ್ತಿದ್ದಳು ಎಂದ. ಅದು ಆರಿದರೆ ಎಂಬ ಭಯಕ್ಕೆ ವೈರು ಎಳೆಸಿದಳು ಎಂದ. ಮೆಸೇಜು ಕಳಿಸಿದ್ದು ಯಾರು ಎಂದು ಮಾತ್ರ ಹೇಳಲಿಲ್ಲ. ಅಲ್ಲಿಗೆ ಬಂದಾಗ ಕೇಕಿನ ತುಂಡು ಬಾಯಿಗಿಟ್ಟುಕೊಂಡ.

ಯೊಲಾಂದಾಳ ಕಣ್ಣುಗಳು ಒದ್ದೆಯಾಗಿದ್ದವು.

"ಇದನ್ನ ಬರಿ" ಎಂದಳು. "ಹಿಂಗೇ ಬರಿ. ಅವರು ಹೋದರು, ಅವರ ಬೆಳಕು ಹೋಗಲಿಲ್ಲ. ಪ್ರಚಾರದವರಿಗೆ ಇಂಥದ್ದೇ ಬೇಕಿತ್ತು."

ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರೇ, ಬೇಗ ನಿಲ್ಲಿಸಿದರು.

ನಾಲ್ಕೂವರೆಗೆ ಅವನ ಮೇಜಿನ ಫೋನು ಬಡಿಯಿತು. ಮರಿನಾಲ್ವಾ. ಕಂಪನಿಯ ನಂಬರಿಗೆ ಮಾಡಿ, ಡಾಕ್ಟರು ಬೇಕು ಎಂದಿದ್ದಳಂತೆ. ಕಾರ್ಖಾನೆಯ ವೈದ್ಯರ ಕೋಣೆಯಿಂದ ಸುತ್ತಿ ಬಂದಿತ್ತು.

"ನಿಂತೋಯ್ತು ಡಾಕ್ಟ್ರೇ. ನೂರ ಒಂಬತ್ತಕ್ಕೆ ನಿಂತೋಯ್ತು. ಮಣ್ಣು ಮಾಡಿದ ಮೇಲೆ ಒಂದೂ ಬಂದಿಲ್ಲ."

"ಹೌದಾ."

"ದೂರದಲ್ಲಿರೋಳಿಗೆ ಮಣ್ಣಾದ ಹೊತ್ತು ಹೆಂಗೆ ಗೊತ್ತಾಗ್ಬೇಕು? ಅಲ್ಲೇ ಇದ್ಲು. ಆ ಹಾಲಿನಲ್ಲೇ, ನಮ್ಮ ಜೊತೆ, ನನ್ನ ಕಾಫಿ ಕುಡೀತಾ."

ದೊರಿವಾಲ್ ಕೇಳಿಸಿಕೊಳ್ಳುತ್ತಿದ್ದ. ಬಳಕೆದಾರರ ಅಧ್ಯಯನಕ್ಕೆ ಈಕೆಯನ್ನೇ ತೆಗೆದುಕೊಳ್ಳಬೇಕಿತ್ತು ಎಂದು ತೋರಿತು.

"ನಿಮ್ಮ ಆಫೀಸಿನ ಹೆಂಗಸರು ಯಾರು ಬಂದಿದ್ರು?"

"ಗಮನಿಸಲಿಲ್ಲ ದೋನಾ."

"ಹಳದಿ ಹೂವಿನ ಚಕ್ರ ತಂದ್ಲಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ಲು. ಕಪ್ಪು ಕನ್ನಡಕ."

"ಅವರು ಸಿಬ್ಬಂದಿ ವಿಭಾಗದವರು. ಕಂಪನಿಯ ಪರವಾಗಿ ಬಂದಿದ್ದು."

"ಹೆಸರು?"

ಹೆಸರು ಹೇಳುವುದರಲ್ಲಿ ತಪ್ಪೇನಿಲ್ಲ. ಅದು ಹೂವಿನ ಚಕ್ರದ ರಿಬ್ಬನ್ನಿನ ಮೇಲೇ ಇತ್ತು.

"ಸೆನೈಡೆ" ಎಂದ.

"ಸೆನೈಡೆ" ಎಂದಳು ಆಕೆ. ಮತ್ತೊಮ್ಮೆ, ಇನ್ನೂ ಮೆಲ್ಲಗೆ, "ಸೆನೈಡೆ." ಆಮೇಲೆ, "ದೇವರು ನಿಮಗೆ ಒಳ್ಳೇದು ಮಾಡ್ಲಿ."

ಅವನು ಫೋನು ಇಟ್ಟ. ಕಾರಿಡಾರಿನ ಆ ತುದಿಯಲ್ಲಿ ಸೆನೈಡೆ ನೀರಿನ ಬಾಟಲಿ ತುಂಬಿಸಿಕೊಳ್ಳುತ್ತಿದ್ದಳು. ನಸರೆನುವಿನ ಜೊತೆ ಅವಳು ಒಂದು ಮಾತಾದರೂ ಆಡಿದ್ದಳೋ ಇಲ್ಲವೋ. ಅವನನ್ನು ಕಂಡು ತಲೆಯಾಡಿಸಿದಳು. ಅವನೂ ಆಡಿಸಿದ. ಗುರುವಾರ ಹಡಗು ಬರುತ್ತದೆ. ಮಗಳು ಆರು ಅಂಕಿ ಒತ್ತುತ್ತಾಳೆ. 'ಇದ್ದೀಯಾ?' ಎಂಬುದರ ಮೇಲೆ ಅವನ ಹೆಸರಿರುತ್ತದೆ. ನಡುವೆ ಇನ್ನೂ ಎರಡು ದಿನ, ಪೂರ್ತಿ ಎರಡು ದಿನ. ನಾಳೆ ಹೇಳಿದರೂ ಆಗುತ್ತದೆ.

ಐದಕ್ಕೆ ಯೊಲಾಂದಾ ಬಾಗಿಲಲ್ಲಿ ತಲೆ ಹಾಕಿದಳು.

"ನಸರೆನುದು ಕೊನೆ ವಾರದ ಲೆಕ್ಕ ಕೆಳಗೇ ಉಳಿದಿದೆ. ತಂದುಬಿಡು. ಅದರಲ್ಲಿ ಚೆನ್ನಾಗಿರೋದನ್ನ ಮಾತ್ರ ತಗೋಬಹುದು."

ಪರೀಕ್ಷಾ ಕೋಣೆಗೆ ಕಿಟಕಿ ಇರಲಿಲ್ಲ. ದೊರಿವಾಲ್ ಬಾಗಿಲು ತಳ್ಳಿದ ಕೂಡಲೆ ಚಾವಣಿಯ ದೀಪಗಳು ತಾವಾಗಿ ಹತ್ತಿದವು. ಮನುಷ್ಯರ ಅಲುಗಾಟ ಕಂಡರೆ ಹತ್ತುವ, ಕಾಣದಿದ್ದರೆ ಆರುವ ದೀಪಗಳು. ಕರೆಂಟು ಉಳಿಸಲೆಂದು ಹಾಕಿಸಿದ್ದರು. ಮೂರು ಗೋಡೆಗಳ ತುಂಬ ಕಬ್ಬಿಣದ ಹಲಗೆ. ಹಲಗೆಗಳ ತುಂಬ ಮೊಬೈಲುಗಳು, ನಾನೂರು, ಒಂದೊಂದಕ್ಕೂ ಒಂದು ವೈರು. ಯಾವುದರಲ್ಲೂ ಸಿಮ್ ಇಲ್ಲ. ಯಾರೂ ಅವಕ್ಕೆ ಕರೆ ಮಾಡಲಾರರು. ಎಷ್ಟು ದಿನ ಆರದೆ ಇರುತ್ತವೆ ಎಂದು ನೋಡಲು ಇಟ್ಟದ್ದು.

ಮೇಜಿನ ಮೇಲೆ ನಸರೆನುವಿನ ರಿಜಿಸ್ಟರು ಇತ್ತು. ಶುಕ್ರವಾರದ ಪುಟದಲ್ಲಿ ದುಂಡಗಿನ ಅಕ್ಷರಗಳು. ಕೊನೆಯ ಸಾಲಿನ ಕೆಳಗೆ ಏನೋ ಬರೆಯಲು ಹೊರಟು ಪೆನ್ನು ಬಿಟ್ಟ ಗುರುತು.

ದೊರಿವಾಲ್ ಅದನ್ನು ಎತ್ತಿಕೊಂಡು ನಿಂತ. ಬೆಳಗಿನಿಂದ ಆಗಿದ್ದನ್ನೆಲ್ಲ ಮೊದಲಿನಿಂದ ಯೋಚಿಸಬೇಕು ಅನಿಸಿತು. ಎಲ್ಲಿ ಬೇರೆಯಾಗಬಹುದಿತ್ತು? ಎಂಬತ್ತೆಂಟರಲ್ಲೇ? ತೊಂಬತ್ತರಲ್ಲೇ? ಯೋಚಿಸುತ್ತ ನಿಂತೇ ಇದ್ದ.

ದೀಪಗಳು ಆರಿದವು.

ಕೋಣೆಯಲ್ಲಿ ಯಾರೂ ಇಲ್ಲವೆಂದು ಚಾವಣಿಗೆ ಖಾತ್ರಿಯಾಗಿತ್ತು. ಕತ್ತಲಲ್ಲಿ ಮೂರು ಗೋಡೆಗಳಿಂದ ನಾನೂರು ಗಂಟೆಗಳು ಬೆಳಗಿದವು. ಐದು ಇಪ್ಪತ್ತೆಂಟು, ಐದು ಇಪ್ಪತ್ತೆಂಟು, ಐದು ಇಪ್ಪತ್ತೆಂಟು. ಕೈ ಬೀಸಿದ್ದರೆ ಸಾಕಿತ್ತು. ಒಂದು ಹೆಜ್ಜೆ ಇಟ್ಟಿದ್ದರೂ ಸಾಕಿತ್ತು. ದೊರಿವಾಲ್ ರಿಜಿಸ್ಟರನ್ನು ಎದೆಗೆ ಹಿಡಿದು ಹಾಗೇ ನಿಂತಿದ್ದ. ಎಷ್ಟು ಹೊತ್ತು ಹೀಗೆ ನಿಲ್ಲಬಹುದು ಎಂದು ನೋಡುವವನಂತೆ.

ಐದು ಇಪ್ಪತ್ತೊಂಬತ್ತಾಯಿತು. ಗಾಜಿಗೆ ಕಲೆ ಹಿಡಿಯದಿರಲೆಂದು ನಾನೂರು ಪರದೆಗಳಲ್ಲೂ ಅಂಕಿಗಳು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದವು. ಕೋಣೆಯಲ್ಲಿ ಅಲುಗಿದ್ದು ಅಷ್ಟೇ.